ಮೂರನೇ ಡಬ್ಬಿ

ಮೂಸಕುಂಞಿಯವರ ಕಣ್ಣಿನ ಪೊರೆ ತೆಗೆದದ್ದು ಎಪ್ಪತ್ತೆಂಟನೇ ಇಸವಿಯಲ್ಲಿ, ಪುತ್ತೂರಿನಲ್ಲಿ ನಡೆದ ಒಂದು ಕಣ್ಣಿನ ಶಿಬಿರದಲ್ಲಿ. ಒಂದು ಕಣ್ಣು ಅದಕ್ಕೂ ಮೊದಲೇ ಪೂರ್ತಿ ಹೋಗಿತ್ತು. ಉಳಿದದ್ದಕ್ಕೆ ಆಪರೇಷನ್ ಮಾಡಿ, ಹತ್ತಿಯಿಟ್ಟು ಪಟ್ಟಿ ಕಟ್ಟಿ, ಡಾಕ್ಟರು ಕಟ್ಟುನಿಟ್ಟಾಗಿ ಹೇಳಿ ಕಳಿಸಿದ್ದರು. ಬಗ್ಗಬಾರದು, ಭಾರ ಎತ್ತಬಾರದು, ಕೆಮ್ಮಬಾರದು, ಸೀನಬಾರದು, ಹೊಗೆ ಹುಡಿಗಳ ಹತ್ತಿರ ಸುಳಿಯಬಾರದು. ಕನ್ನಡಕ ಕೈಗೆ ಬರುವವರೆಗೆ ಹೀಗೆಯೇ.

ಬೇರೆ ಕಸುಬಿನವರಾದರೆ ಇದು ಅಷ್ಟು ದೊಡ್ಡ ಕಷ್ಟವಲ್ಲ. ಮೂಸಕುಂಞಿಯವರದ್ದು ಪುತ್ತೂರಿಗೆ ಹತ್ತಿರದ ಸವಣೂರು ಪೇಟೆಯಲ್ಲಿ ಊರಮದ್ದಿನ ಸಾಮಾನಿನ ಅಂಗಡಿ. ಬೇರು, ಕಾಯಿ, ತೊಗಟೆಗಳು ಗೋಣಿಯಲ್ಲೂ ಭರಣಿಯಲ್ಲೂ ಕಣ್ಣಿಗೆ ಕಾಣುವ ಹಾಗೆ ಇರುತ್ತಿದ್ದವು. ಕುಟ್ಟಿ ಜರಡಿ ಹಿಡಿದ ಹುಡಿಗಳು ಮಾತ್ರ ಹಿಂದಿನ ಗೋಡೆಯ ಹಲಗೆಗಳ ಮೇಲೆ, ಒಂದೇ ಅಳತೆಯ ಬಿಸ್ಕೆಟು ಡಬ್ಬಿಗಳಲ್ಲಿ. ಒಂದು ಡಬ್ಬಿಯ ಮೇಲೂ ಹೆಸರಿಲ್ಲ. ಹೆಸರು ಬರೆದಿಟ್ಟರೆ ಗಿರಾಕಿ ಅದನ್ನು ಓದಿ ತಾನೇ ವೈದ್ಯನಾಗುತ್ತಾನೆ ಅಂತ ಅವರು ಹೇಳುವುದಿತ್ತು. ನಿಜವಾಗಿ ಅವರಿಗೆ ಬರೆಯುವ ಅಗತ್ಯವೇ ಬಿದ್ದಿರಲಿಲ್ಲ. ಪೊರೆ ಬೆಳೆದು ಗಿರಾಕಿಯ ಮುಖ ಮಸುಕಾದ ಮೇಲೂ ಅವರ ಕೈ ಸರಿಯಾದ ಡಬ್ಬಿಗೇ ಹೋಗುತ್ತಿತ್ತು.

ಅಂಗಡಿ ಮುಚ್ಚಬಾರದೆಂದು ಮಗ ಆದಂ ಕುಂಞಿ ರಜೆ ಹಾಕಿ ಬಂದ. ಅವನು ಎಸ್ಸೆಸ್ಸೆಲ್ಸಿ ಪಾಸಾಗಿ ಪುತ್ತೂರಿನ ಒಂದು ಬೀಡಿ ಡಿಪೋದಲ್ಲಿ ಗುಮಾಸ್ತನಾಗಿದ್ದ. ಅಂಗಡಿಯ ಕೆಲಸದಲ್ಲಿ ಅವನಿಗೆ ಎಂದೂ ಮನಸ್ಸಿರಲಿಲ್ಲ. ಶುಂಠಿ, ಹಿಪ್ಪಲಿ, ಬಜೆ, ಜಾಯಿಕಾಯಿ ಗುರುತು ಸಿಗುತ್ತಿತ್ತು. ಹುಡಿಗಳೆಲ್ಲ ಅವನ ಕಣ್ಣಿಗೆ ಒಂದೇ, ಮಣ್ಣಿನ ಬಣ್ಣದವು.

ಹಾಗಾಗಿ ದಿನಾ ಬೆಳಿಗ್ಗೆ ಮನೆಯ ಜಗಲಿಯಲ್ಲಿ ಪಾಠ. ಮೂಸಕುಂಞಿ ಮಂಚದ ಮೇಲೆ ನೆಟ್ಟಗೆ ಕೂತು, ಅಂಗಡಿಯನ್ನು ಎದುರಿಗಿಟ್ಟುಕೊಂಡವರ ಹಾಗೆ ಹೇಳುತ್ತಿದ್ದರು. ಎರಡನೇ ಹಲಗೆಯಲ್ಲಿ ಮೊದಲು ಅಶ್ವಗಂಧ, ಮತ್ತೆ ಜ್ಯೇಷ್ಠಮಧು, ಮತ್ತೆ ಶತಾವರಿ, ನಡುವಿನಲ್ಲಿ ಶುಂಠಿ, ಆಮೇಲೆ ಅಳಲೆ. ಆದಂ ಅದನ್ನು ಬಾಯಲ್ಲಿ ಹೇಳಿಕೊಳ್ಳುತ್ತಾ, ಅಕ್ಕಿರೊಟ್ಟಿ ಮುರಿದು ಚಾಯಕ್ಕೆ ಅದ್ದಿ ತಿಂದು ಹೋಗುತ್ತಿದ್ದ.

ಮೊದಲ ಜಗಳ ಆದದ್ದು ಮನೆಯ ಮದ್ದಿನಿಂದಲೇ. ಮೂಸಕುಂಞಿಯವರಿಗೆ ಗಂಟಲು ಕೆರೆಯತೊಡಗಿತು. ಕೆಮ್ಮು ಬಂದರೆ ಹೊಲಿಗೆ ಬಿಚ್ಚೀತು ಎಂಬ ಹೆದರಿಕೆ. ಎರಡನೇ ಡಬ್ಬಿಯ ಜ್ಯೇಷ್ಠಮಧು ತಾ ಅಂತ ಮಗನಿಗೆ ಹೇಳಿದರು. ಆದಂ ತಂದ ಪೊಟ್ಟಣವನ್ನು ಅವರ ಹೆಂಡತಿ ಉಮ್ಮಾಲಿಮ್ಮ ಜೇನಿನಲ್ಲಿ ಕಲಸಿ ನಾಲಗೆಗೆ ಹಚ್ಚಿದರು. ಸಿಹಿಗೆ ಕಾದಿದ್ದ ಬಾಯಿ ಒಮ್ಮೆಲೇ ಕಹಿಯಾಯಿತು.

"ಇದು ನೆಲಬೇವು. ಎಂತ ತಂದದ್ದು ನೀನು?"

"ನೀವು ಹೇಳಿದ ಡಬ್ಬಿಯಿಂದಲೇ ತಂದದ್ದು ಬಾಪ."

"ನಾನು ಎರಡನೇದು ಹೇಳಿದ್ದು."

"ಎರಡನೇದೇ."

ಅಪ್ಪ ಡಬ್ಬಿಗಳನ್ನು ಅದಲುಬದಲು ಮಾಡಿದ್ದೀ ಅಂದರು. ಮಗ ಒಂದನ್ನೂ ಕದಲಿಸಿಲ್ಲ ಅಂದ. ಡಬ್ಬಿಗಳನ್ನೇ ಮನೆಗೆ ತಾ, ಮೂಸಿ ಹೇಳುತ್ತೇನೆ ಅಂತ ಮೂಸಕುಂಞಿ ಹಟ ಹಿಡಿದಾಗ ಉಮ್ಮಾಲಿಮ್ಮ ಬಿಡಲಿಲ್ಲ. ಹುಡಿ ಮೂಗಿಗೆ ಹೋಗಿ ಸೀನು ಬಂದರೆ ಕಣ್ಣೇ ಹೋಗುತ್ತದೆ, ಆಮೇಲೆ ನೆಲಬೇವು ಜ್ಯೇಷ್ಠಮಧು ಯಾವುದೂ ಬೇಡ, ಸುಮ್ಮನಿರಿ ಅಂದರು.

ಮಧ್ಯಾಹ್ನ ಊಟಕ್ಕೆ ಬಂದಾಗ ಆದಂ ಅಡಿಗೆಕೋಣೆಯಲ್ಲಿ ಉಮ್ಮನ ಹತ್ತಿರ ತಗ್ಗಿದ ದನಿಯಲ್ಲಿ ಹೇಳಿದ, ಬಾಪನಿಗೆ ನೆನಪು ತಪ್ಪುತ್ತಾ ಉಂಟು, ವಯಸ್ಸಾಯಿತಲ್ಲ ಅಂತ. ತಗ್ಗಿದ ದನಿ ಅನ್ನುವುದು ಅವನ ಲೆಕ್ಕಕ್ಕೆ. ಕಣ್ಣಿಗೆ ಕೆಲಸವಿಲ್ಲದೆ ಕೂತ ಮನುಷ್ಯನಿಗೆ ಜಗಲಿಯಲ್ಲಿ ಎಲ್ಲವೂ ಕೇಳಿಸಿತ್ತು. ಆ ದಿನ ಅವರು ಮೀನು ಸಾರು ಮುಟ್ಟಲಿಲ್ಲ. ಗಂಜಿ ಕುಡಿದು ಗೋಡೆಯ ಕಡೆ ತಿರುಗಿ ಕೂತರು.

ಹಾಗಂತ ಅವರು ಹೇಳಿದ್ದೆಲ್ಲ ತಪ್ಪೂ ಆಗುತ್ತಿರಲಿಲ್ಲ. ನಡುವಿನ ಡಬ್ಬಿಯಲ್ಲಿ ಶುಂಠಿಯೇ ಇತ್ತು. ಮೂರನೇ ಹಲಗೆಯ ನಡುವೆ ಅವರು ಹೇಳಿದ ಹಾಗೆ ಎಳ್ಳಷ್ಟೂ ಬದಲಿಲ್ಲದೆ ಓಮದ ಹುಡಿ. ಇದನ್ನು ಕಂಡು ಆದಂನಿಗೆ ಅರ್ಧ ನಂಬಿಕೆ ಮರಳಿತು. ಒಮ್ಮೆ ಮರೆತಿರಬೇಕು, ಯಾವಾಗಲೂ ಅಲ್ಲ ಅಂದುಕೊಂಡ. ಆ ಅರ್ಧ ನಂಬಿಕೆಯೇ ಕೆಡಿಸಿದ್ದು.

ತ್ಯಾಂಪಣ್ಣ ಗೌಡರು ಹತ್ತಿರದವರು, ಅಂಗಡಿಗೆ ಹಳೆಯ ಗಿರಾಕಿ. ಅವರ ಮಗಳು ವಾರಿಜಾಕ್ಷಿ ಹೆರಿಗೆಗೆ ತವರಿಗೆ ಬಂದಿದ್ದಳು. ಹೆಣ್ಣು ಮಗು. ಎದೆಹಾಲು ಸಾಲದೆಂದು ಶತಾವರಿ ಹುಡಿ ಬೇಕೆಂದು ಗೌಡರು ಬಂದರು. ಆದಂ ಅವರನ್ನು ಬೆಂಚಿನ ಮೇಲೆ ಕೂರಿಸಿ, ಸೈಕಲ್ ಹತ್ತಿ ಮನೆಗೆ ಬಂದು ಬಾಪನನ್ನು ಕೇಳಿಯೇ ಹೋದ. "ಮೂರನೇ ಡಬ್ಬಿ. ಈ ಸಲ ಸರಿಯಾಗಿ ಎಣಿಸು," ಅಂದರು ಮೂಸಕುಂಞಿ. ಅವನು ಬೆರಳಿಟ್ಟು ಎಣಿಸಿ, ಮತ್ತೊಮ್ಮೆ ಎಣಿಸಿ, ಮೂರನೇ ಡಬ್ಬಿಯಿಂದಲೇ ತೂಗಿ ಕಟ್ಟಿಕೊಟ್ಟ.

ಆ ವಾರದ ಕೊನೆಗೆ ಗೌಡರು ಮನೆಗೇ ಬಂದರು. ಕೂರಿ ಅಂದರೂ ಕೂರಲಿಲ್ಲ. ಪೊಟ್ಟಣವನ್ನು ಮೂಸಕುಂಞಿಯವರ ಅಂಗೈಯಲ್ಲಿಟ್ಟು ಹೇಳಿದರು. ಹುಡಿಯನ್ನು ಹಾಲಿನಲ್ಲಿ ಕೊಟ್ಟಾಗಿನಿಂದ ಮಗಳಿಗೆ ಭೇದಿ ನಿಲ್ಲುತ್ತಿಲ್ಲ. ಬಾಣಂತಿ ಎದ್ದು ನಿಲ್ಲಲಾರದಷ್ಟು ಸೋತಿದ್ದಾಳೆ. ಇದ್ದ ಹಾಲೂ ಕಮ್ಮಿಯಾಗಿ ಮಗು ಅಳುತ್ತಾ ಉಂಟು. ಕಾಣಿಯೂರಿನಿಂದ ಡಾಕ್ಟರನ್ನು ಕರೆಸಿದ ಮೇಲೆ ಇವತ್ತು ಸ್ವಲ್ಪ ಪರವಾಗಿಲ್ಲ.

ಮೂಸಕುಂಞಿ ಪೊಟ್ಟಣದ ಅಂಚನ್ನು ನಾಲಗೆಗೆ ತಾಗಿಸಿದರು. ಅಳಲೆ. ಹೊಟ್ಟೆ ಕಟ್ಟಿದವರಿಗೆ ಕೊಡುವ ಮದ್ದು.

"ನನ್ನ ಅಂಗಡಿಯಿಂದ ಹೋದದ್ದು ಗೌಡ್ರೆ. ತಪ್ಪು ನಮ್ಮದೇ," ಅಂದರು.

"ನಾನು ಊರಿಡೀ ಹೇಳಿಕೊಂಡು ಹೋಗುದಿಲ್ಲ," ಅಂದರು ಗೌಡರು. "ಆದರೆ ತಿಳಿದವರು ಕೂತುಕೊಳ್ಳುವವರೆಗೆ ಬಾಗಿಲು ತೆರೆಯಬೇಡಿ ಮಾರಾಯ್ರೆ. ಇವತ್ತು ನನ್ನ ಮಗಳು, ನಾಳೆ ಇನ್ನೊಬ್ಬರದ್ದು."

ಅಂಗಡಿಗೆ ಬೀಗ ಬಿತ್ತು. ಮನೆಯಲ್ಲಿ ಅಪ್ಪ ಮಗನಿಗೆ ಮಾತು ನಿಂತಿತು. ಏನಿದ್ದರೂ ಉಮ್ಮಾಲಿಮ್ಮನ ಮೂಲಕ. ಡಬ್ಬಿಗಳನ್ನೆಲ್ಲ ಪುತ್ತೂರಿನ ವ್ಯಾಪಾರಿಗೆ ಕೊಟ್ಟುಬಿಡುವುದು ಒಳ್ಳೆಯದು, ಎಣಿಸಲು ಬಾರದವನ ಕೈಗೆ ಮದ್ದು ಕೊಡಬಾರದು ಅಂತ ಇವರು. ತಾನು ರಜೆ ಮುರಿದು ಡಿಪೋಗೆ ಹೋಗುತ್ತೇನೆ, ನೆನಪಿಲ್ಲದವರ ಮಾತು ಕೇಳಿ ಒಂದು ಬಾಣಂತಿಯನ್ನು ಸಾಯಿಸಲಿಕ್ಕಿತ್ತು ಅಂತ ಅವನು. ಉಮ್ಮಾಲಿಮ್ಮ ಇಬ್ಬರ ಮಾತನ್ನೂ ಅರ್ಧ ಮಾಡಿ ದಾಟಿಸುತ್ತಿದ್ದರು. ಪಾತ್ರೆ ಮಾತ್ರ ಜೋರಾಗಿ ಕುಕ್ಕುತ್ತಿದ್ದರು.

ಅದರ ನಡುವೆ ಅಜ್ಜಾವರದಿಂದ ಉಮ್ಮಾಲಿಮ್ಮನ ತಂಗಿಯ ಮಗಳಿಗೆ ಹುಷಾರಿಲ್ಲವೆಂದು ಸುದ್ದಿ ಬಂತು. ಹೋಗದಿರುವ ಹಾಗಿಲ್ಲ. ಸೊಸೆ ಕೈಜಮ್ಮನಿಗೆ ಅಕ್ಕಿ, ತೆಂಗಿನಕಾಯಿ, ಒಣಮೀನು ಎಲ್ಲಿದೆ ಎಂದು ತೋರಿಸಿ, ಗಂಡನ ಊಟದ ವಿಷಯ ಮತ್ತೆ ಮತ್ತೆ ಹೇಳಿ, ಬೆಳಗಿನ ಬಸ್ಸು ಹತ್ತಿದರು.

ಕೈಜಮ್ಮ ಮದುವೆಯಾಗಿ ಬಂದು ವರ್ಷವಾಗಿತ್ತು. ಉಪ್ಪಿನಂಗಡಿಯವಳು, ಮದ್ರಸದಲ್ಲಿ ಕಲಿಸುವ ಉಸ್ತಾದರ ಮಗಳು. ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿದ್ದಳು. ಮನೆಯಲ್ಲಿ ತಂದೆಯಿಂದ ಅರಬಿ ಮಲಯಾಳವನ್ನೂ ಕಲಿತಿದ್ದಳು. ಅಂದರೆ ಮಲಯಾಳದ ಮಾತನ್ನು ಅರಬಿ ಅಕ್ಷರದಲ್ಲಿ ಬರೆಯುವುದು, ಓದುವುದು. ಮಾವನಿಗೆ ಗೊತ್ತಿದ್ದ ಓದು ಅದೊಂದೇ. ಕನ್ನಡದ ಒಂದಕ್ಷರವೂ ಅವರಿಗೆ ಬರುತ್ತಿರಲಿಲ್ಲ.

ಇಷ್ಟು ದಿನ ಉಮ್ಮಾಲಿಮ್ಮ ಗಂಡನ ಕೈಹಿಡಿದು ಬಟ್ಟಲಿಗೆ ಮುಟ್ಟಿಸಿ ಉಣ್ಣಿಸುತ್ತಿದ್ದರು. ಸೊಸೆ ಹಾಗೆ ಮಾಡುವಂತಿಲ್ಲ. ಕೈಜಮ್ಮ ಚಾಪೆಯ ಮೇಲೆ ಗಂಜಿಯ ಬಟ್ಟಲಿಟ್ಟು, ಅದರ ಮುಂದೆ ಸಣ್ಣ ಪಿಂಗಾಣಿಗಳನ್ನು ಸಾಲಾಗಿ ಜೋಡಿಸಿ, ಬಾಗಿಲ ಹತ್ತಿರ ನಿಂತು ಹೇಳಿದಳು.

"ಮೊದಲು ಉಪ್ಪಿನಕಾಯಿ ಉಂಟು ಮಾಮ. ಮತ್ತೆ ನುಗ್ಗೆಸೊಪ್ಪಿನ ಪಲ್ಯ. ಕೊನೆಗೆ ಬಂಗುಡೆ."

ಮೂಸಕುಂಞಿಯವರ ಕೈ ಬಟ್ಟಲಿನ ಮೇಲಿಂದ ಹಾದು, ಎಡತುದಿಯ ಪಿಂಗಾಣಿಗೆ ಹೋಗಿ, ಮೀನೆಂದು ದೊಡ್ಡ ತುತ್ತಿಗೆ ಹಿಡಿದದ್ದು ಮಾವಿನ ಉಪ್ಪಿನಕಾಯಿಯನ್ನು. ಖಾರ ನೆತ್ತಿಗೇರಿತು. ಕೆಮ್ಮು ಬಂದೇಬಿಟ್ಟಿತು ಅನ್ನುವಷ್ಟರಲ್ಲಿ ಕೈಜಮ್ಮ ನೀರು ಕೊಟ್ಟಳು. ಅವರು ಕುಡಿದು, ಉಸಿರು ಹಿಡಿದು, ಸುಧಾರಿಸಿಕೊಂಡರು. ಬೈಯಲಿಲ್ಲ. ತನ್ನದೇ ತಪ್ಪೆಂದು ತಿಳಿದು, ನಿಜವಾಗಿಯೂ ನನಗೆ ಮರೆವು ಬಂತೋ ಏನೋ ಮಗಳೇ ಅಂದರು. ಆ ಮಾತು ಕೈಜಮ್ಮನಿಗೆ ಸರಿ ಕಾಣಲಿಲ್ಲ. ಈಗ ತಾನೇ ಹೇಳಿದ್ದನ್ನು ಯಾರೂ ಅಷ್ಟು ಬೇಗ ಮರೆಯುವುದಿಲ್ಲ.

ಮರುದಿನ ಅವಳು ಬೇಕೆಂದೇ ಹಾಗೆಯೇ ಜೋಡಿಸಿದಳು. ಉಪ್ಪಿನಕಾಯಿಯ ಬದಲು ತೆಂಗಿನ ಚಟ್ನಿ ಇಟ್ಟಳು, ಯಾವುದಕ್ಕೆ ಕೈ ಹಾಕಿದರೂ ತೊಂದರೆಯಿಲ್ಲದಂತೆ. "ಮೊದಲು ಚಟ್ನಿ, ಮತ್ತೆ ಪಲ್ಯ, ಕೊನೆಗೆ ಮೀನು," ಅಂದು ಸುಮ್ಮನೆ ನೋಡಿದಳು. ಮಾವ ಚಟ್ನಿಗೆಂದು ಬಲತುದಿಗೆ ಕೈಹಾಕಿದರು. ಮೀನಿಗೆಂದು ಎಡತುದಿಗೆ. ನಡುವಿನ ಪಲ್ಯ ಮಾತ್ರ ಹೇಳಿದ ಹಾಗೆಯೇ ಸಿಕ್ಕಿತು.

ಅವಳಿಗೆ ಒಮ್ಮೆಲೇ ಅಂಗಡಿಯ ಹಲಗೆ ನೆನಪಾಯಿತು. ಅವಳು ಅದನ್ನು ಕಂಡವಳಲ್ಲ, ಗಂಡನ ಬಾಯಲ್ಲಿ ಕೇಳಿದ್ದು ಅಷ್ಟೆ. ನಡುವಿನದು ಸರಿ, ತುದಿಯವು ತಪ್ಪು.

"ಮಾಮ, ನಿಮಗೆ ಮೊದಲನೇದು ಅಂದರೆ ಯಾವ ಕಡೆ?"

"ಇದೆಂತ ಕೇಳುದು?" ಅವರು ಬಲಗೈ ಚಾಚಿ ಹೇಳಿದರು. "ಇಲ್ಲಿ. ಸಾಲು ಇಲ್ಲಿಂದಲ್ಲದೆ ಮತ್ತೆ ಎಲ್ಲಿಂದ?"

ಆದಂ ಹೊರಗಿನಿಂದ ಬಂದು ಕೈಕಾಲು ತೊಳೆಯುವಾಗ ಕೈಜಮ್ಮ ಬಾವಿಕಟ್ಟೆಗೇ ಹೋಗಿ ವಿಷಯ ಹೇಳಿದಳು. ಅವನು ನಂಬಲಿಲ್ಲ. ಡಬ್ಬಿ ಎಣಿಸಲಿಕ್ಕೆ ಓದು ಎಂತಕ್ಕೆ, ಒಂದು ಎರಡು ಮೂರು ಎಲ್ಲರಿಗೂ ಒಂದೇ ಅಲ್ಲವೇ ಅಂದ. ಅವಳು ವಾದಕ್ಕೆ ಹೋಗಲಿಲ್ಲ. ಮದ್ರಸದಲ್ಲಿ ಅರಬಿ ಬರೆಯಲು ಹಲಗೆ ಹಿಡಿದು ಕೂತಾಗ ಮೊದಲ ಅಕ್ಷರವನ್ನು ಯಾವ ಮೂಲೆಯಲ್ಲಿ ಬರೆಯುತ್ತಿದ್ದಿರಿ ಅಂತ ಕೇಳಿದಳು. ಅವನ ಬಲಗೈ ತಾನಾಗಿ ಬಲಕ್ಕೆ ಸರಿಯಿತು. ಶಾಲೆಯಲ್ಲಿ? ಅವನು ಕೊಡಪಾನ ಕೆಳಗಿಟ್ಟು ಎಡಮೂಲೆ ತೋರಿಸಿದ.

"ಅವರು ಆ ಮೂಲೆಯೊಂದನ್ನೇ ಕಂಡವರು. ನೀವು ಅದನ್ನು ಮರೆತವರು," ಅಂದಳು ಕೈಜಮ್ಮ. "ಅಂಗಡಿಗೆ ಹೋಗಿ ಆಚೆಯಿಂದ ಎಣಿಸಿ ನೋಡಿ."

ಅವನು ಊಟಕ್ಕೂ ಕೂರದೆ ಬೀಗದಕೈ ತೆಗೆದುಕೊಂಡು ಹೋದ. ಸ್ವಲ್ಪ ಹೊತ್ತಿನಲ್ಲಿ ಬಂದು ಜಗಲಿಯಲ್ಲಿ ಬಾಪನ ಎದುರು ನಿಂತ. ಒಂದು ಚಿಟಿಕೆ ಹುಡಿಯನ್ನು ಅವರ ಅಂಗೈಗೆ ಹಾಕಿದ. ಮೂಸಕುಂಞಿ ಅದನ್ನು ನಾಲಗೆಗೆ ಹಚ್ಚಿ ಚಪ್ಪರಿಸಿದರು.

"ಶತಾವರಿ. ಎಲ್ಲಿತ್ತು ಇದು?"

"ನೀವು ಹೇಳಿದಲ್ಲೇ ಬಾಪ. ಮೂರನೇ ಡಬ್ಬಿಯಲ್ಲಿ."

ಅವನು ಕೆಳಗೆ ಕೂತು ಎಲ್ಲ ಹೇಳಿದ. ತಾನು ಎಡದಿಂದ ಎಣಿಸಿದ್ದು, ಅವರು ಬಲದಿಂದ ಹೇಳಿದ್ದು, ಯಾವ ಕಡೆಯಿಂದ ಅಂತ ಇಬ್ಬರಿಗೂ ಕೇಳಲು ತೋಚದಿದ್ದದ್ದು. ನೆನಪು ಹೋಗಿದೆ ಅಂತ ಉಮ್ಮನ ಹತ್ತಿರ ಹೇಳಿದ್ದು ತಪ್ಪಾಯಿತು ಅಂದ. ಮೂಸಕುಂಞಿ ಪಟ್ಟಿ ಕಟ್ಟಿದ ಮುಖವನ್ನು ಸೊಸೆ ನಿಂತಿರಬಹುದಾದ ಬಾಗಿಲ ಕಡೆ ತಿರುಗಿಸಿದರು. ಆಮೇಲೆ ಮಗನಿಗೆ, ನಿನಗೆ ಎಣಿಸಲು ಬರುವುದಿಲ್ಲ ಅಂತ ನಾನೂ ಹೇಳಿದ್ದೆನಲ್ಲ ಅಂದರು. ಮತ್ತೆ, ಊಟ ಮಾಡಿದೆಯಾ ಅಂತ ಕೇಳಿದರು. ಅಷ್ಟು ದಿನಗಳಲ್ಲಿ ಮದ್ದಿನ ವಿಷಯ ಬಿಟ್ಟು ಅವರು ಮಗನಿಗೆ ನೇರವಾಗಿ ಕೇಳಿದ ಮೊದಲ ಪ್ರಶ್ನೆ ಅದು.

ಸಂಜೆ ಬಿಸಿಲು ತಗ್ಗಿದ ಮೇಲೆ ಅಪ್ಪ ಮಗ ಇಬ್ಬರೂ ತ್ಯಾಂಪಣ್ಣ ಗೌಡರ ಮನೆಗೆ ಹೊರಟರು. ಮೂಸಕುಂಞಿ ಮಗನ ಭುಜ ಹಿಡಿದಿದ್ದರು. ದಾರಿಯಲ್ಲಿ ಕಲ್ಲು ಸಿಕ್ಕಲ್ಲೆಲ್ಲ ಆದಂ ನಿಂತು ಹೇಳುತ್ತಿದ್ದ. ಗೌಡರ ಅಂಗಳದಲ್ಲಿ ಹಾಸಿದ ಚಾಪೆಯ ಮೇಲೆ ಕೂತು, ಏನಾಯಿತೆಂದು ಮುಚ್ಚುಮರೆಯಿಲ್ಲದೆ ಹೇಳಿದರು. ಗೌಡರು ಪೂರ್ತಿ ಕೇಳಿ, ಎಡಗೈ ಬಲಗೈ ನೋಡಿಕೊಂಡು, ಎಲೆಯಡಿಕೆಯ ತಟ್ಟೆ ಮುಂದೆ ನೂಕಿದರು.

"ನನಗೆ ಓದೂ ಇಲ್ಲ ಬರಹವೂ ಇಲ್ಲ ಬ್ಯಾರಿಗಳೇ," ಅಂದರು. "ನಾನಾದರೆ ಎರಡೂ ಕಡೆಯಿಂದ ಎಣಿಸಿ, ಮತ್ತೆ ಹಟ್ಟಿಯ ದನಕ್ಕೆ ಕೊಟ್ಟು ನೋಡುತ್ತಿದ್ದೆ."

ಒಳಗಿನಿಂದ ವಾರಿಜಾಕ್ಷಿ ನಕ್ಕದ್ದು ಕೇಳಿಸಿತು. ಅವಳು ಚೇತರಿಸಿಕೊಂಡಿದ್ದಳು. ಮಗುವಿಗೆ ಹಾಲೂ ಸಾಕಾಗುತ್ತಿತ್ತು. ಆದರೂ ಶತಾವರಿಯ ಹೊಸ ಪೊಟ್ಟಣವನ್ನು ಮೂಸಕುಂಞಿ ಕೊಟ್ಟಾಗ ಗೌಡರು ತೆಗೆದುಕೊಂಡರು. ಅದನ್ನು ಮಗಳಿಗೆ ಕೊಟ್ಟರೋ ಅಟ್ಟದಲ್ಲಿಟ್ಟರೋ ಇವರು ಕೇಳಲಿಲ್ಲ. ತೆಗೆದುಕೊಂಡದ್ದೇ ದೊಡ್ಡದು. ಅಂಗಡಿ ಎಂದು ತೆರೆಯುತ್ತೀರಿ ಅಂತ ಗೌಡರೇ ಕೇಳಿದರು.

ಅಂಗಡಿ ತೆರೆಯಿತು. ಆದಂ ರಜೆ ಮುಂದುವರಿಸಿದ. ಅಜ್ಜಾವರದಿಂದ ಹಿಂದೆ ಬಂದ ಉಮ್ಮಾಲಿಮ್ಮನಿಗೆ ಅಪ್ಪ ಮಗ ಒಂದೇ ಚಾಪೆಯ ಮೇಲೆ ಕೂತು ಉಣ್ಣುವುದನ್ನು ನೋಡಿ ಆಶ್ಚರ್ಯವಾಯಿತು. ಕಾರಣ ಕೇಳಿ ಇನ್ನಷ್ಟು ಆಶ್ಚರ್ಯವಾಯಿತು. ಇಷ್ಟಕ್ಕೆ ನಾನು ಇಷ್ಟು ದಿನ ಪಾತ್ರೆ ಕುಕ್ಕಿದ್ದಾ ಅಂದರು.

ಪಟ್ಟಿ ಬಿಚ್ಚಿ ಕನ್ನಡಕ ಬಂತು. ಗಾಜು ಭರಣಿಯ ತಳದಷ್ಟು ದಪ್ಪ. ಮೊದಲ ದಿನಗಳಲ್ಲಿ ಮೂಸಕುಂಞಿಯವರಿಗೆ ಹೊಸ್ತಿಲು ಇರುವುದಕ್ಕಿಂತ ಹತ್ತಿರ, ಚಾಯದ ಗ್ಲಾಸು ಇರುವುದಕ್ಕಿಂತ ದೊಡ್ಡದಾಗಿ ಕಂಡು, ಕೈಚಾಚಿದಾಗ ತಪ್ಪುತ್ತಿತ್ತು. ಅವರು ತಮ್ಮಷ್ಟಕ್ಕೆ ನಗುತ್ತಿದ್ದರು. ಕಣ್ಣು ಮುಚ್ಚಿದರೆ ಎಲ್ಲ ಸರಿಯಾದ ಜಾಗದಲ್ಲಿ ಇರುತ್ತದೆ, ತೆರೆದರೆ ಓಡಾಡುತ್ತದೆ ಅನ್ನುತ್ತಿದ್ದರು.

ಡಬ್ಬಿಗಳಿಗೆ ಹೆಸರು ಬರೆಯಲೇಬೇಕೆಂದು ಹೇಳಿದವರು ಈಗ ಅವರೇ. ಒಂದು ಶುಕ್ರವಾರ ಜುಮ್ಮಾ ನಮಾಜು ಮುಗಿಸಿ ಬರುವಾಗ ಆದಂ ಎರಡನೇ ಹಲಗೆಯ ಡಬ್ಬಿಗಳನ್ನು ಬುಟ್ಟಿಯಲ್ಲಿ ಹೊತ್ತು ತಂದ. ಕೈಜಮ್ಮ ಬೆಳಿಗ್ಗೆಯಿಂದಲೇ ಕಾಗದ ಕತ್ತರಿಸಿ, ಮೈದಾ ಅಂಟು ಕಾಯಿಸಿ, ಎಲ್ಲ ಹಲಗೆಗಳ ಹೆಸರುಗಳನ್ನೂ ಬರೆದಿಟ್ಟಿದ್ದಳು. ಒಂದೊಂದು ಚೀಟಿಯಲ್ಲೂ ಎರಡು ಸಾಲು. ಮೇಲಿನದು ಅರಬಿ ಅಕ್ಷರದಲ್ಲಿ, ಬಲ ಅಂಚಿನಿಂದ. ಕೆಳಗಿನದು ಕನ್ನಡದಲ್ಲಿ, ಎಡ ಅಂಚಿನಿಂದ.

ಬರೆಯುವುದು ಸುಲಭವಾಗಿತ್ತು. ಡಬ್ಬಿಗಳನ್ನು ಜಗಲಿಯಲ್ಲಿ ಸಾಲಾಗಿ ಇಟ್ಟು ನಂಬರು ಹಾಕುವಾಗ ಮತ್ತೆ ಚರ್ಚೆ ಎದ್ದಿತು. ಒಂದನೇ ನಂಬರು ಯಾವ ತುದಿಗೆ? ಈ ಸಲ ಜಗಳವಾಗಲಿಲ್ಲ. ಮೂಸಕುಂಞಿಯವರಿಗೆ ಕುತೂಹಲ ಹುಟ್ಟಿತ್ತು. ಡಬ್ಬಿ ಬಿಡು, ವಾರ ನಿನಗೆ ಹೇಗೆ ಕಾಣುತ್ತದೆ ಅಂತ ಮಗನನ್ನು ಕೇಳಿದರು. ಮೊದಲಿಗೆ ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಕಣ್ಣು ಮುಚ್ಚಿ ಯೋಚಿಸಿ, ಆದಿತ್ಯವಾರ ಎಡಗಡೆ ಇದೆ, ಶನಿವಾರ ಬಲದ ಕೊನೆಗೆ, ಡಿಪೋದ ಕ್ಯಾಲೆಂಡರಿನ ಹಾಗೆ ಅಂದ. ನನಗೆ ಹಾಗಲ್ಲ ಅಂದರು ಬಾಪ. ಶುಕ್ರವಾರ ಇಲ್ಲಿ ಬಲಗೈ ಹತ್ತಿರ. ಅಲ್ಲಿಂದ ಒಂದೊಂದೇ ದಿನ ಎಡಕ್ಕೆ ಹೋಗುವುದು. ಹುಟ್ಟಿದಾಗಿನಿಂದ ಹಾಗೆಯೇ, ಬೇರೆಯವರಿಗೆ ಬೇರೆ ಥರ ಇರಬಹುದು ಅಂತ ತೋಚಿಯೇ ಇರಲಿಲ್ಲ.

ಕೈಜಮ್ಮನನ್ನು ಕೇಳಿದಾಗ ಅವಳು ಅಂಟಿನ ಬೆರಳನ್ನು ಮೇಲೆತ್ತಿ ಯೋಚಿಸಿದಳು. ಶಾಲೆಯ ದಿನಗಳನ್ನು ನೆನೆದರೆ ಒಂದು ಕಡೆಗೆ ಹೋಗುತ್ತದೆ, ಉಪವಾಸದ ತಿಂಗಳನ್ನು ನೆನೆದರೆ ಇನ್ನೊಂದು ಕಡೆಗೆ. ಎರಡೂ ಒಟ್ಟಿಗೆ ನೆನೆದರೆ ಮಧ್ಯದಲ್ಲಿ ಡಿಕ್ಕಿಯಾಗುತ್ತದೆ ಅಂದಳು. ಮೂಸಕುಂಞಿ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

ಉಮ್ಮಾಲಿಮ್ಮ ಒಳಗಿನಿಂದ ಅನ್ನದ ಪಾತ್ರೆ ತಂದು ಜಗಲಿಯಲ್ಲಿಟ್ಟರು. ಡಬ್ಬಿಗಳನ್ನು ಅತ್ತ ಸರಿಸಿ ಊಟಕ್ಕೆ ಜಾಗ ಮಾಡಿ ಅಂದರು.

"ನಿನಗೆ ಹೇಗೆ ಕಾಣುದು?" ಅಂತ ಗಂಡ ಕೇಳಿದರು. ಉಮ್ಮಾಲಿಮ್ಮ ಯಾವ ಅಕ್ಷರವನ್ನೂ ಕಲಿತವರಲ್ಲ.

"ನನಗೆ ಸಾಲೂ ಇಲ್ಲ ಎಂತದೂ ಇಲ್ಲ," ಅಂದರು ಉಮ್ಮಾಲಿಮ್ಮ. "ನಾನು ನಡುವಿನಲ್ಲಿ ಕೂತಿರುದು. ದಿನಗಳೆಲ್ಲ ನನ್ನ ಸುತ್ತ ಕೂತಿರ್ತವೆ, ಊಟಕ್ಕೆ ಕೂತ ಮಕ್ಕಳ ಹಾಗೆ."

"ಹಾಗಾದರೆ ಮೊದಲನೇದು ಯಾವುದು ಉಮ್ಮ?" ಅಂತ ಆದಂ ಕೇಳಿದ.

"ಯಾರಿಗೆ ಜಾಸ್ತಿ ಹಸಿವು ಉಂಟೋ ಅದು."

ಅವರು ಪಾತ್ರೆಯ ಮುಚ್ಚಳ ತೆಗೆದರು. ಆ ಮನೆಯಲ್ಲಿ ಗಂಡಸರ ಊಟ ಮುಗಿಯುವ ಮೊದಲು ಹೆಂಗಸರು ಕೂತದ್ದಿರಲಿಲ್ಲ. ಉಮ್ಮಾಲಿಮ್ಮ ಅನ್ನ ಬಡಿಸಿ, ಮೇಲೆ ಸಾರು ಹಾಕಿ, ಮೀನಿನ ನಡುತುಂಡು ಆರಿಸಿಟ್ಟು, ತಟ್ಟೆಯನ್ನು ಸೊಸೆಯ ಮುಂದಿಟ್ಟರು. ಬೆಳಿಗ್ಗೆಯಿಂದ ಬರೆಯುತ್ತಾ ಕೂತಿದ್ದಾಳೆ, ಒಂದು ಚಾಯ ಕೂಡ ಕುಡಿದಿಲ್ಲ ಅಂದರು. ಕೈಜಮ್ಮ ಗಂಡನನ್ನು ನೋಡಿದಳು, ಮಾವನನ್ನು ನೋಡಿದಳು. ಮೂಸಕುಂಞಿ ದಪ್ಪ ಕನ್ನಡಕದೊಳಗಿಂದ ತಟ್ಟೆಯನ್ನೊಮ್ಮೆ ನೋಡಿ, ಉಪ್ಪಿನಕಾಯಿಯ ಪಿಂಗಾಣಿಯನ್ನು ಅವಳ ಕಡೆಗೆ ನೂಕಿದರು.

ಅವಳು ಕೈ ತೊಳೆದು ಬಂದು ಉಣ್ಣತೊಡಗಿದಳು. ಅಪ್ಪ ಮಗ ಇಬ್ಬರೂ ತಮ್ಮ ತಟ್ಟೆಗೆ ಕಾದರು.